ತಾಮಾ ಯಾರ ಹೆಂಡತಿ ಅನ್ನೋದಕ್ಕಿಂತ ಮೊದಲು

ಸಾಗರದ ಓದುಗರೊಬ್ಬರ ಪತ್ರ: "ಕಿಯೋಹಾರಾ ತಾಮಾ ಬಗ್ಗೆ ನೀವು ಹಾಕಿದ ಲೇಖನ ಓದಿ ಸಂಕಟವಾಯಿತು. ಟೋಕಿಯೋದ ಹುಡುಗಿ, ತನಗಿಂತ 20 ವರ್ಷ ದೊಡ್ಡವನಾದ ಇಟಲಿಯ ಶಿಲ್ಪಿ ವಿನ್ಸೆಂಜೊ ರಗೂಸಾನ ಹಿಂದೆ ಊರು ಬಿಟ್ಟಳು. ಮುದುಕಿಯಾಗಿ ತಾಯ್ನುಡಿಯನ್ನೇ ಮರೆತು ವಾಪಸಾದಳು. ಹಿರಿಯರು ತಡೆದಿದ್ದರೆ ಬದುಕು ಹಾಳಾಗುತ್ತಿರಲಿಲ್ಲ, ಅಲ್ವಾ?"

ನಿಮ್ಮ ಸಂಕಟ ಅರ್ಥವಾಗುತ್ತದೆ. ಹೆತ್ತವರ ಭಯ ಸುಮ್ನೆ ಹುಟ್ಟಿದ್ದಲ್ಲ. ನಾಗಸಾಕಿಯಲ್ಲಿ ತಾಕಿ ಎಂಬಾಕೆಯ ಜೊತೆಗಿದ್ದ ಜರ್ಮನಿಯ ವೈದ್ಯ ಸೀಬೋಲ್ಡ್‌ನನ್ನು 1829ರಲ್ಲಿ ದೇಶದಿಂದ ಹೊರಹಾಕಿದರು. ಎರಡು ವರ್ಷದ ಮಗು ತಾಯಿಯ ಬಳಿ ಉಳಿಯಿತು. ಕಾನೂನಂತೂ ಹೆಣ್ಣಿನ ಕಡೆಗಿರಲಿಲ್ಲ. ಪರದೇಶದವರ ಜೊತೆ ಮದುವೆಗೆ ಜಪಾನ್ ಸರ್ಕಾರ ದಾರಿ ಮಾಡಿಕೊಟ್ಟಿದ್ದೇ 1873ರಲ್ಲಿ. ಆಗಲೂ ಪರದೇಶಿಯನ್ನು ಕಟ್ಟಿಕೊಂಡ ಹೆಣ್ಣು ಜಪಾನಿನ ಪ್ರಜೆಯಾಗಿ ಉಳಿಯುತ್ತಿರಲಿಲ್ಲ. ಜಪಾನಿ ಗಂಡಸು ಪರದೇಶದವಳನ್ನು ತಂದರೆ ಆಕೆ ಜಪಾನಿನವಳಾಗುತ್ತಿದ್ದಳು!

ಆದರೆ "ಬದುಕು ಹಾಳಾಯಿತು" ಅಂದಿರಲ್ಲ, ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ಪತ್ರದಲ್ಲಿ ಆಕೆಯ ವಯಸ್ಸಿದೆ, ಗಂಡನಿದ್ದಾನೆ, ಕಣ್ಣೀರಿದೆ. ಆಕೆ ಬರೆದ ಒಂದು ಚಿತ್ರದ ಮಾತೂ ಇಲ್ಲ. ಅಷ್ಟು ಕಾಳಜಿಯಿಂದ ಓದಿದವರು ಇದನ್ನು ಹೇಗೆ ಬಿಟ್ಟಿರಿ?

1876ರಲ್ಲಿ ಟೋಕಿಯೋದ ಸರ್ಕಾರಿ ಕಲಾಶಾಲೆಗೆ ಪಾಠ ಹೇಳಲು ರಗೂಸಾ ಬಂದಾಗಲೇ ತಾಮಾ ಹಕ್ಕಿ, ಹೂವು ಬರೆಯುತ್ತಿದ್ದ ಹುಡುಗಿ. ನೆರಳು ಬೆಳಕು ತೋರಿಸಿ ಮೈದುಂಬಿದಂತೆ ಬರೆಯುವ ಯುರೋಪಿನ ಕ್ರಮವನ್ನು ಅವನಿಂದ ಕಲಿತಳು. ಅವನು ಅವಳ ಪ್ರತಿಮೆ ಮಾಡಿದ. 1882ರಲ್ಲಿ ಸಿಸಿಲಿಯ ಪಲೆರ್ಮೊಗೆ ಹೊರಟಾಗ ಅವಳು ಒಂಟಿಯಾಗಿ ಓಡಿಹೋದವಳೂ ಅಲ್ಲ. ಅಕ್ಕ, ಭಾವ ಜೊತೆಗೇ ಹೋದರು. ರಗೂಸಾ ಅಲ್ಲಿ ತೆರೆದ ಶಾಲೆಯಲ್ಲಿ ಅಕ್ಕ ಕಸೂತಿ, ಭಾವ ಅರಗಿನ ಕೆಲಸ ಕಲಿಸಿದರು. ಆಮೇಲೆ ಅವರು ಊರಿಗೆ ಮರಳಿದರು. ತಾಮಾ ಉಳಿದಳು. ಹೆಣ್ಣುಮಕ್ಕಳಿಗೆ ಪಾಠ ಹೇಳಿದಳು, ಎಲಿಯೊನೊರಾ ರಗೂಸಾ ಎಂಬ ಹೆಸರಲ್ಲಿ ಚಿತ್ರ ಬರೆದಳು.

1904ರಲ್ಲಿ ಮಿಲಾನಿನ ರಂಗದ ಮೇಲೆ, ಪುಚ್ಚಿನಿಯ 'ಮದಾಮಾ ಬಟರ್‌ಫ್ಲೈ' ಎಂಬ ಸಂಗೀತನಾಟಕದಲ್ಲಿ, ನಾಗಸಾಕಿಯ ಹುಡುಗಿಯೊಬ್ಬಳು ಬಿಳಿಯ ಗಂಡನಿಗಾಗಿ ಕಾದು ಕಾದು ಪ್ರಾಣ ಬಿಟ್ಟಳು. ಲೋಕವೆಲ್ಲ ಅವಳಿಗಾಗಿ ಅತ್ತಿತು, ಇವತ್ತಿಗೂ ಅಳುತ್ತಿದೆ. ಅದೇ ಹೊತ್ತಿಗೆ ಅದೇ ಇಟಲಿಯಲ್ಲಿ ನಿಜವಾದ ಜಪಾನಿ ಹೆಂಗಸೊಬ್ಬಳು ಬಣ್ಣ ಕಲಸುತ್ತ ಕೂತಿದ್ದಳು. ಅವಳ ಹೆಸರು ಎಷ್ಟು ಜನಕ್ಕೆ ಗೊತ್ತು? ಸಾಯುವ ಹೆಣ್ಣಿನ ಮೇಲೆ ನಮಗೆ ಪ್ರೀತಿ ಜಾಸ್ತಿ. ದುಡಿಯುವವಳು ಕಣ್ಣಿಗೇ ಬೀಳುವುದಿಲ್ಲ. ತಾಕಿಯ ಮಗಳು ಇನೆಯನ್ನೇ ನೋಡಿ. ಅಪ್ಪನಿಲ್ಲದ ಕೂಸು ಎಂದು ಮರುಗುವವರು ಇದ್ದಾರೆ. ಅವಳು ಪಾಶ್ಚಾತ್ಯ ವೈದ್ಯ ಕಲಿತು ಅರಮನೆಯ ಹೆರಿಗೆಗೂ ಹೋದ ವೈದ್ಯೆ.

ನಮ್ಮಲ್ಲೂ ಇದೇ ಚಾಳಿ. ಕಲಾವಿದೆಯರ ಬಗ್ಗೆ ನನ್ನ ಮೇಜಿಗೆ ಬರುವ ಲೇಖನಗಳಲ್ಲಿ ಮೊದಲ ಸಾಲಿಗೇ ಗಂಡನ ಹೆಸರು. ಎರಡನೆಯದರಲ್ಲಿ ಮಕ್ಕಳು, ಅವರ ನೌಕರಿ. ಮೂರನೇ ಪುಟದ ಕೊನೆಗೆ "ಬಿಡುವಿದ್ದಾಗ ಚಿತ್ರಗಳನ್ನೂ ಬರೆಯುತ್ತಿದ್ದರು". ಏನು ಬರೆದರು, ಯಾವ ಬಣ್ಣದಲ್ಲಿ, ಈಗ ಅವು ಯಾರ ಮನೆಯ ಅಟ್ಟದ ಮೇಲಿವೆ, ಒಂದೂ ಇರುವುದಿಲ್ಲ. ಕೇಳಿ ಕಾಗದ ಬರೆದರೆ ಮನೆಯವರಿಗೂ ಗೊತ್ತಿರುವುದಿಲ್ಲ. ಇದು ನನಗೆ ತಡೆಯಲಾರದ ನೋವು.

1927ರಲ್ಲಿ ರಗೂಸಾ ತೀರಿಕೊಂಡ. 1933ರಲ್ಲಿ ತಾಮಾ ಟೋಕಿಯೋಗೆ ಮರಳಿದಳು. ಭಾಷೆ ಮರೆತಿದ್ದು ನಿಜ. ಕುಂಚ ಮರೆತಿರಲಿಲ್ಲ. 1939ರಲ್ಲಿ ಸಾಯುವ ತನಕ ಕಲಾವಿದೆಯಾಗಿಯೇ ಇದ್ದಳು. ಪಲೆರ್ಮೊದ ಆ ಕಲಾಶಾಲೆಯ ಹಲಗೆಯ ಮೇಲೆ ಇವತ್ತು ಇಬ್ಬರ ಹೆಸರೂ ಇದೆ.

ಮುಂದಿನ ಸಂಚಿಕೆಯಲ್ಲಿ ಆಕೆಯ ಚಿತ್ರಗಳಿಗೆ ನಡುವಿನ ಪುಟಗಳನ್ನು ಮೀಸಲಿಟ್ಟಿದ್ದೇವೆ. ನೋಡಿ, ಚಿತ್ರಗಳ ಬಗ್ಗೆ ಮತ್ತೆ ಬರೆಯಿರಿ. ಬೈದು ಬರೆದರೂ ಸರಿ, ಅಚ್ಚು ಹಾಕುತ್ತೇನೆ.

– ಸಂಪಾದಕ