ಒಂದೇ ಮನೆಯ ಬೂಷ್ಟು, ಅಪ್ಪನಿಗೆ ಮಾತ್ರ ಯಾಕೆ?

ಎಲ್ಲರೂ ಒಂದೇ ಮನೆಯಲ್ಲಿದ್ದೂ ಅಪ್ಪನಿಗೆ ಮಾತ್ರ ಬ್ಲ್ಯಾಕ್ ಫಂಗಸ್ (ಮೂಗು, ಸೈನಸ್‌ಗೆ ತಗಲುವ ಬೂಷ್ಟಿನ ಸೋಂಕು) ಅನುಮಾನ ಯಾಕೆ, ಗೋಡೆಯ ಬೂಷ್ಟೇ ಕಾರಣವಾ ಎಂದು ಕೇಳಿದ್ದೀರಿ. ಗೋಡೆಯ ಬೂಷ್ಟಿಗಿಂತ ಅಪ್ಪನ ಶುಗರ್ 380 ಇರುವುದು, ಉಬ್ಬಸಕ್ಕೆಂದು ಮೂರು ವಾರದಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವುದು, ಇವೆರಡೇ ಕಾರಣ ಇರಬಹುದು. ಮಂಗಳೂರಿನ ಮಳೆಗಾಲದಲ್ಲಿ ಬೂಷ್ಟಿನ ಪುಡಿ ಎಲ್ಲರ ಮೂಗಿಗೂ ಹೋಗುತ್ತದೆ. ನಿಮ್ಮ ಬಿಳಿ ರಕ್ತಕಣಗಳು ಅದನ್ನು ಅಲ್ಲೇ ಕೊಲ್ಲುತ್ತವೆ. ಶುಗರ್ ಏರಿದಾಗ ಆ ಕಣಗಳು ಮಂಕಾಗುತ್ತವೆ, ಸ್ಟೀರಾಯ್ಡ್ ಇನ್ನಷ್ಟು ಕಟ್ಟಿಹಾಕುತ್ತದೆ. ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ಹುಟ್ಟುವ ಆಮ್ಲ) ಹೆಚ್ಚಿ ರಕ್ತ ಆಮ್ಲೀಯವಾದರೆ ಬಿಡುಗಡೆಯಾಗುವ ಕಬ್ಬಿಣಾಂಶವೇ ಬ್ಲ್ಯಾಕ್ ಫಂಗಸ್‌ಗೆ ಆಹಾರ.

ಒಂದೇ ಕೆನ್ನೆ ಊದಿದೆ, ಮೂಗಿನಿಂದ ಕಪ್ಪು ಹಕ್ಕಳೆ ಬರುತ್ತಿದೆ ಅಂದಿದ್ದೀರಿ. ಬರೀ ಸೈನಸ್ ಸೋಂಕೂ ಆಗಿರಬಹುದು, ಆದರೂ ನಾಳೆಗೆ ಬಿಡಬೇಡಿ. ಇವತ್ತೇ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಗೋ ಹತ್ತಿರದ ಇಎನ್‌ಟಿ ಇರುವ ದೊಡ್ಡ ಆಸ್ಪತ್ರೆಗೋ ಹೋಗಿ. ಮೂಗಿನ ಎಂಡೋಸ್ಕೋಪಿ, ಹಕ್ಕಳೆಯ ಕೆಒಎಚ್ ಪರೀಕ್ಷೆ (ಬೂಷ್ಟು ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು), ಕೀಟೋನ್ ಪರೀಕ್ಷೆ ಮೂರನ್ನೂ ಕೇಳಿ. ಸ್ಟೀರಾಯ್ಡನ್ನು ನೀವಾಗಿ ನಿಲ್ಲಿಸಬೇಡಿ, ಮಾತ್ರೆಯ ಚೀಟಿ ಜೊತೆಗಿರಲಿ. ರೆಪ್ಪೆ ಜೋತುಬಿದ್ದರೆ, ಒಂದು ಎರಡಾಗಿ ಕಂಡರೆ ನಡುರಾತ್ರಿಯಾದರೂ ನೇರ ತುರ್ತು ವಿಭಾಗಕ್ಕೆ.