ಝೋರೋ ಲೂಫಿಯ ಭಕ್ತನಾ, ಆಳಾ, ಗೆಳೆಯನಾ?

ನೀವು ಕೇಳಿದ್ದು ಇಷ್ಟು: ‘ಒನ್ ಪೀಸ್’ ಅನ್ನೋ ಜಪಾನಿ ಚಿತ್ರಕತೆಯಲ್ಲಿ (ಮಾಂಗಾ) ಕತ್ತಿವೀರ ಝೋರೋಗೆ ತನ್ನ ಕಡಲ್ಗಳ್ಳರ ತಂಡದ ಕ್ಯಾಪ್ಟನ್ ಲೂಫಿಯ ಮೇಲೆ ಅಷ್ಟೊಂದು ನಿಷ್ಠೆ ಯಾಕೆ? ಪ್ರಾಣ ಉಳಿಸಿದ ಋಣಕ್ಕಾ? ನಿಮ್ಮ ಗೆಳೆಯರು ‘ಅವನು ಲೂಫಿಯ ಹನುಮಂತ’ ಅಂದರಂತೆ. ಜೊತೆಗೆ ಲೂಫಿಯ ಟೋಪಿ, ಝೋರೋನ ಕತ್ತಿ, ಅವನ ಎದೆಯ ಮೇಲಿನ ಗಾಯಕ್ಕೆಲ್ಲ ಏನಾದರೂ ಅರ್ಥ ಇದೆಯಾ ಅಂತಲೂ ಕೇಳಿದ್ದೀರಿ.

ಹನುಮಂತ ಅನ್ನೋದನ್ನು ನಾನು ಒಪ್ಪುವುದಿಲ್ಲ. ಹನುಮಂತ ರಾಮನಿಗೆ ಷರತ್ತು ಹಾಕಿದವನಲ್ಲ. ಝೋರೋ ಮೊದಲ ದಿನವೇ ಹಾಕಿದ. (ಕತೆಯ ಥ್ರಿಲ್ಲರ್ ಬಾರ್ಕ್, ವಾನೋ ಭಾಗಗಳನ್ನು ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿ. ಮುಂದೆ ಗುಟ್ಟೆಲ್ಲ ರಟ್ಟಾಗುತ್ತದೆ.)

ಐಚಿರೋ ಓಡಾ ಈ ಕತೆಯನ್ನು 1997ರಲ್ಲಿ ಜಪಾನಿನ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಶುರು ಮಾಡಿದರು. ಮೂರನೇ ಅಧ್ಯಾಯಕ್ಕೇ ಝೋರೋ ಬರುತ್ತಾನೆ. ನೌಕಾಪಡೆಯ ಅಂಗಳದಲ್ಲಿ ಅವನನ್ನು ಕಂಬಕ್ಕೆ ಕಟ್ಟಿಹಾಕಿದ್ದಾರೆ. ಒಂದು ತಿಂಗಳು ಹಾಗೇ ಬದುಕಿ ಉಳಿದರೆ ಬಿಡ್ತೀವಿ ಅಂತ ಅಧಿಕಾರಿಯ ಮಗ ಹೆಲ್ಮೆಪ್ಪೋ ಮಾತು ಕೊಟ್ಟಿದ್ದಾನೆ. ಸುಳ್ಳು ಮಾತು ಅದು. ರಿಕಾ ಅನ್ನೋ ಪುಟ್ಟ ಹುಡುಗಿ ಕದ್ದುಮುಚ್ಚಿ ಅನ್ನದ ಉಂಡೆ ತರುತ್ತಾಳೆ. ಸಿಹಿ ಇದ್ದರೆ ಚೆನ್ನಾಗಿರುತ್ತೆ ಅಂತ ಉಪ್ಪಿನ ಬದಲು ಸಕ್ಕರೆ ಹಾಕಿದ್ದಾಳೆ, ಪಾಪ. ಹೆಲ್ಮೆಪ್ಪೋ ಅದನ್ನು ಕಾಲಿನಿಂದ ತುಳಿದು ಮಣ್ಣುಪಾಲು ಮಾಡುತ್ತಾನೆ. ಅವನು ಹೋದ ಮೇಲೆ ಝೋರೋ ಲೂಫಿಗೆ ಹೇಳುತ್ತಾನೆ, ಅದನ್ನು ಎತ್ತಿ ನನ್ನ ಬಾಯಿಗೆ ಹಾಕು ಅಂತ. ಮಣ್ಣು ಸಮೇತ ಕರಕರ ಜಗಿದು ನುಂಗಿ, ತುಂಬಾ ರುಚಿಯಾಗಿತ್ತು ಅಂತ ಆ ಹುಡುಗಿಗೆ ತಿಳಿಸು ಅನ್ನುತ್ತಾನೆ.

ಲೂಫಿ ಇವನನ್ನು ಬಿಡಬಾರದು ಅಂತ ಗಟ್ಟಿ ಮಾಡಿಕೊಳ್ಳುವುದು ಇಂಥದ್ದನ್ನು ನೋಡಿಯೇ. ಇನ್ನೂ ಅವನ ಕತ್ತಿವರಸೆಯನ್ನು ಕಣ್ಣಾರೆ ನೋಡಿಯೇ ಇರಲಿಲ್ಲ.

ಈಗ ಋಣದ ಮಾತಿಗೆ ಬರೋಣ. ಲೂಫಿ ಝೋರೋನನ್ನು ಉಳಿಸಿದ ರೀತಿ ಅಷ್ಟೇನೂ ದೊಡ್ಡತನದ್ದಲ್ಲ. ಅವನ ಮೂರು ಕತ್ತಿಗಳನ್ನು ಹುಡುಕಿ ತಂದ, ಬೆನ್ನಿಗೆ ಕಟ್ಟಿಕೊಂಡ, ‘ನನ್ನ ಜೊತೆ ಕಡಲ್ಗಳ್ಳ ಆಗ್ತೀಯಾದರೆ ಕೊಡ್ತೀನಿ’ ಅಂದ. ಸುತ್ತ ಬಂದೂಕು ಗುರಿ ಇಟ್ಟು ಸೈನಿಕರು ನಿಂತಿದ್ದಾರೆ. ಇದು ಉಪಕಾರ ಅಲ್ಲ, ಜಬರ್ದಸ್ತಿ. ಝೋರೋ ಕೂಡ ‘ನೀನೇನು ಸೈತಾನನ ಮಗನಾ?’ ಅಂತ ಕೇಳುತ್ತಾನೆ. ಸಾಯೋದಕ್ಕಿಂತ ಕಡಲ್ಗಳ್ಳ ಆಗೋದೇ ವಾಸಿ ಅಂತ ಒಪ್ಪಿಕೊಳ್ಳುತ್ತಾನೆ. ಆದರೆ ಕೈ ಬಿಚ್ಚಿದ ತಕ್ಷಣ ಅವನ ಷರತ್ತು ಬರುತ್ತದೆ. ನನಗೆ ಜಗತ್ತಿನಲ್ಲೇ ಶ್ರೇಷ್ಠ ಕತ್ತಿವೀರ ಆಗಬೇಕು, ನಿನ್ನಿಂದಾಗಿ ಆ ಆಸೆ ಕೈಬಿಡುವ ಹಾಗಾದರೆ ನೀನು ಹೊಟ್ಟೆ ಬಗೆದುಕೊಂಡು ಕ್ಷಮೆ ಕೇಳಬೇಕು. ಲೂಫಿ ನಕ್ಕು ಹೇಳುವುದು ಹೆಚ್ಚುಕಮ್ಮಿ ಹೀಗೆ: ಕಡಲ್ಗಳ್ಳರ ರಾಜನ ಪಕ್ಕದಲ್ಲಿರೋನು ಅಷ್ಟಾದರೂ ಆಗದಿದ್ದರೆ ನನಗೇ ಅವಮಾನ.

ಇವರಿಬ್ಬರ ನಂಟಿನ ಬುಡ ಇಲ್ಲಿದೆ. ಕರ್ಣನನ್ನು ದುರ್ಯೋಧನನಿಗೆ ಕಟ್ಟಿಹಾಕಿದ್ದು ಅವನಿಂದ ಪಡೆದ ಉಪಕಾರ. ಝೋರೋ ಪಡೆದದ್ದು ಅಂಥ ಏನೂ ಇಲ್ಲ. ಪಟ್ಟವೂ ಇಲ್ಲ. ಅಭಿಮಾನಿಗಳು ‘ಉಪನಾಯಕ’ ಅಂತ ಕರೆಯುತ್ತಾರೆ, ಆದರೆ ಓಡಾ ಆ ಹೆಸರನ್ನು ಅವನಿಗೆ ಕೊಟ್ಟಿಲ್ಲ. ಹಡಗಿನಲ್ಲಿ ಅವನು ಕತ್ತಿವೀರ, ಅಷ್ಟೇ. ಇಬ್ಬರಿಗೂ ಒಂದೊಂದು ಹುಚ್ಚು ಆಸೆ. ನಿನ್ನ ಆಸೆಗೆ ನಾನು ಅಡ್ಡ ಬರಲ್ಲ, ನನ್ನದಕ್ಕೆ ನೀನು ಬರಬೇಡ. ಹೀಗೆ ಶುರುವಾದದ್ದು ಮುಂದೆ ಏನಾಗುತ್ತದೆ ಅನ್ನುವುದೇ ಕತೆ.

ಲೂಫಿ ತನ್ನ ಪಾಲಿನ ಮಾತನ್ನು ಹೇಗೆ ಉಳಿಸಿಕೊಳ್ಳುತ್ತಾನೆ ಅನ್ನೋದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಬರಾಟಿಯೆ ಅನ್ನೋ ತೇಲುವ ಹೋಟೆಲ್ಲಿನ ಹತ್ತಿರ ಝೋರೋ ಮಿಹಾಕ್‌ನನ್ನು ಎದುರಿಸುತ್ತಾನೆ. ಆಗ ಜಗತ್ತಿನಲ್ಲೇ ದೊಡ್ಡ ಕತ್ತಿವೀರ ಅವನೇ. ಕುತ್ತಿಗೆಯಲ್ಲಿ ನೇತುಹಾಕಿಕೊಂಡಿದ್ದ ಸಣ್ಣ ಚಾಕು ತೆಗೆದು ಆಟ ಆಡಿದಂತೆ ಸೋಲಿಸುತ್ತಾನೆ. ಝೋರೋನ ಹಳೆಯ ಜೊತೆಗಾರರಾದ ಜಾನಿ, ಯೊಸಾಕು ತಡೆಯಲು ನುಗ್ಗುತ್ತಾರೆ. ಲೂಫಿ ಅವರಿಬ್ಬರನ್ನೂ ನೆಲಕ್ಕೆ ಒತ್ತಿ ಹಿಡಿದುಕೊಳ್ಳುತ್ತಾನೆ. ಆ ಚಿತ್ರ ನೋಡಿ: ಹಲ್ಲು ಕಚ್ಚಿಕೊಂಡಿದ್ದಾನೆ. ಅಲ್ಲಿಗೆ ಜಿಗಿದು ಮಿಹಾಕ್‌ಗೆ ಗುದ್ದಬೇಕು ಅನ್ನೋ ಆಸೆ ಅವರಿಬ್ಬರಿಗಿಂತ ಇವನಿಗೇ ಜಾಸ್ತಿ. ಗೆಳೆಯರಿಗೆ ಒಂದು ಏಟು ಬಿದ್ದರೂ ಮುಷ್ಟಿ ಬೀಸುವ ಹುಡುಗ ಇಲ್ಲಿ ಸುಮ್ನೆ ಕೂತಿದ್ದಾನೆ. ಯಾಕಂದರೆ ಅಡ್ಡ ಹೋದರೆ ಝೋರೋ ಬದುಕಬಹುದು, ಆದರೆ ಅವನ ಆಸೆ ಸತ್ತುಹೋಗುತ್ತದೆ. ನನ್ನ ಲೆಕ್ಕದಲ್ಲಿ ಲೂಫಿಯ ನಿಷ್ಠೆ ಅಂದರೆ ಇದು. ಜಗಳ ಆಡುವುದು ಅವನಿಗೆ ಸುಲಭ, ಕೈಕಟ್ಟಿ ಕೂರುವುದು ಕಷ್ಟ.

ಗಾಯದ ಅರ್ಥವೂ ಅಲ್ಲೇ ಇದೆ. ಎರಡು ಕತ್ತಿ ಚೂರಾದ ಮೇಲೆ ಝೋರೋ ಉಳಿದ ಬಿಳಿ ಕತ್ತಿಯನ್ನು ಒರೆಯೊಳಗೆ ಸೇರಿಸಿ, ಮಿಹಾಕ್ ಕಡೆ ತಿರುಗಿ ಎರಡೂ ಕೈ ಚಾಚಿ ನಿಲ್ಲುತ್ತಾನೆ. ಬೆನ್ನಿನ ಮೇಲಿನ ಗಾಯ ಕತ್ತಿವೀರನಿಗೆ ನಾಚಿಕೆ ಅನ್ನುತ್ತಾನೆ. ಎದೆ ಸೀಳಿಸಿಕೊಂಡು ನೀರಿಗೆ ಬೀಳುತ್ತಾನೆ. ಅವನನ್ನು ದೋಣಿಗೆ ಎಳೆದು ಹಾಕಿದ ಮೇಲೆ ಅದೇ ಬಿಳಿ ಕತ್ತಿಯನ್ನು ಆಕಾಶಕ್ಕೆ ಎತ್ತಿ, ಅಳುತ್ತಾ, ಇನ್ನು ಮೇಲೆ ನಾನು ಸೋಲಲ್ಲ ಅಂತ ಲೂಫಿಗೆ ಕೂಗಿ ಹೇಳುತ್ತಾನೆ. ಏನಾದರೂ ತಕರಾರು ಇದೆಯಾ, ಕಡಲ್ಗಳ್ಳರ ರಾಜ? ಲೂಫಿ ಹಲ್ಲು ಕಿರಿದು ‘ಇಲ್ಲ’ ಅನ್ನುತ್ತಾನೆ. ಇದು 52ನೇ ಅಧ್ಯಾಯ.

ಆ ಬಿಳಿ ಕತ್ತಿಯನ್ನು ಬಿಟ್ಟು ಈ ಶಪಥ ಅರ್ಥವಾಗುವುದಿಲ್ಲ. ವಾದೋ ಇಚಿಮೊಂಜಿ ಅಂತ ಅದರ ಹೆಸರು. ಅದು ಅವನ ಬಾಲ್ಯದ ಗೆಳತಿ ಕುಯಿನಾಳ ಕತ್ತಿ. ಚಿಕ್ಕವನಿದ್ದಾಗ ಝೋರೋ ಅವಳ ಹತ್ತಿರ 2001 ಸಲ ಸೋತಿದ್ದ. ಒಂದು ಸಲವೂ ಗೆದ್ದಿರಲಿಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಜಗತ್ತಿಗೇ ಮೊದಲಿಗರಾಗಬೇಕು ಅಂತ ಮಾತು ಕೊಟ್ಟುಕೊಂಡ ಮರುದಿನವೇ ಅವಳು ಮೆಟ್ಟಿಲಿನಿಂದ ಬಿದ್ದು ಸತ್ತಳು. ಅಲ್ಲಿಯವರೆಗೆ ಆ ಕತ್ತಿ ಸತ್ತವಳಿಗೆ ಕೊಟ್ಟ ಮಾತಿನ ಗುರುತು. ದೋಣಿಯಲ್ಲಿ ಅದನ್ನೇ ಎತ್ತಿ ಹಿಡಿದು ಬದುಕಿರುವವನಿಗೆ ಮಾತು ಕೊಟ್ಟ ಕ್ಷಣದಿಂದ ಎರಡೂ ಮಾತು ಒಂದೇ ಕತ್ತಿಗೆ ಅಂಟಿಕೊಂಡವು. ತುಂಬಾ ವರ್ಷಗಳ ನಂತರ ವಾನೋದಲ್ಲಿ ಕಿಂಗ್ ಅನ್ನೋ ಎದುರಾಳಿ ಜೊತೆ ಕಾದಾಡುವಾಗ ಅವನು ನೆನೆಸಿಕೊಳ್ಳುವುದೂ ಇದನ್ನೇ: ಕ್ಯಾಪ್ಟನ್‌ಗೂ ಗೆಳತಿಗೂ ಕೊಟ್ಟ ಮಾತು. ಓಡಾ ಅಷ್ಟು ದೂರ ಒಂದು ದಾರ ಹಿಡಿದುಕೊಂಡು ಬಂದದ್ದು ನೋಡಿದರೆ ಖುಷಿಯಾಗುತ್ತೆ.

ಟೋಪಿಯೂ ಹಾಗೇ. ಶಾಂಕ್ಸ್ ಅನ್ನೋ ಕಡಲ್ಗಳ್ಳ ಲೂಫಿಗೆ ಕೊಟ್ಟದ್ದು, ದೊಡ್ಡ ಕಡಲ್ಗಳ್ಳ ಆದ ಮೇಲೆ ತಂದುಕೊಡು ಅಂತ. ಒಬ್ಬನ ತಲೆಯ ಮೇಲೆ, ಇನ್ನೊಬ್ಬನ ಸೊಂಟದಲ್ಲಿ, ಇನ್ನೂ ತೀರಿಸದ ಒಂದೊಂದು ಮಾತು. ಇಬ್ಬರಿಗೂ ಪರಸ್ಪರ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಝೋರೋ ಎಡತೋಳಿಗೆ ಕಟ್ಟಿದ ಬಟ್ಟೆಯ ಬಗ್ಗೆ, ಇಬ್ಬರ ಕೆಂಪು ಹಸಿರು ಬಣ್ಣಗಳ ಬಗ್ಗೆ ಉದ್ದುದ್ದ ವಾದಗಳು ಓಡಾಡುತ್ತವೆ. ನನಗೆ ಅವು ಸ್ವಲ್ಪ ಎಳೆದಾಟ ಅನಿಸುತ್ತವೆ.

ಇನ್ನು, ಆಳು ಅನ್ನೋದೂ ತಪ್ಪು. ಆಳು ಆಗಿದ್ದರೆ ಯಜಮಾನನನ್ನು ಗದರುತ್ತಿರಲಿಲ್ಲ. ವಾಟರ್ ಸೆವೆನ್‌ನಲ್ಲಿ ಹಳೆಯ ಹಡಗು ಮೆರ್ರಿಯ ವಿಷಯಕ್ಕೆ ಜೊತೆಗಾರ ಉಸೋಪ್ ತಂಡ ಬಿಟ್ಟು, ಲೂಫಿಯ ಜೊತೆ ಹೊಡೆದಾಡಿ ಸೋಲುತ್ತಾನೆ. ಗೆದ್ದ ಲೂಫಿ ಭಾರ ಅನ್ನಿಸ್ತಿದೆ ಅಂತ ಕುಗ್ಗುತ್ತಾನೆ. ಝೋರೋ ಸಮಾಧಾನ ಮಾಡುವುದಿಲ್ಲ. ಅದೇ ಕ್ಯಾಪ್ಟನ್ ಹೊರಬೇಕಾದ ಭಾರ, ನೀನೇ ಅಲುಗಾಡಿದರೆ ನಾವು ಯಾರನ್ನು ನಂಬೋದು ಅನ್ನುತ್ತಾನೆ. ಆಮೇಲೆ ಎಲ್ಲ ಮುಗಿದು ಉಸೋಪ್ ವಾಪಸ್ ಬರಲು ನೋಡುವಾಗ ಲೂಫಿ ಕುಣಿದಾಡಿಕೊಂಡು ಕರೆತರಲು ಹೊರಡುತ್ತಾನೆ. ಝೋರೋ ಅಡ್ಡ ನಿಲ್ಲುತ್ತಾನೆ. ಅವನು ಮೊದಲು ತಲೆ ತಗ್ಗಿಸಿ ಕ್ಷಮೆ ಕೇಳಬೇಕು. ಹಾಗಲ್ಲದೆ ಸೇರಿಸಿಕೊಂಡರೆ ನಾನು ಹಡಗು ಬಿಡುತ್ತೇನೆ ಅಂತಾನೆ. ಕ್ಯಾಪ್ಟನ್‌ಗೆ ಮರ್ಯಾದೆ ಇಲ್ಲದ ತಂಡ ಉಳಿಯಲ್ಲ ಅನ್ನೋದು ಅವನ ವಾದ. ತುಂಬಾ ಜನ ಇಲ್ಲಿ ಅವನನ್ನು ಕಲ್ಲುಮನಸ್ಸಿನವನು ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಲೂಫಿ ಮಗು ಥರ, ಅವನಿಗೆ ಮರ್ಯಾದೆ ಗಿರ್ಯಾದೆ ಬೇಕಿಲ್ಲ. ಅದನ್ನು ಬೇರೆ ಯಾರಾದರೂ ಕಾಯಬೇಕಲ್ವಾ? ಝೋರೋ ಕಾಯುವುದು ಲೂಫಿ ಅನ್ನೋ ಗೆಳೆಯನನ್ನಷ್ಟೇ ಅಲ್ಲ, ಅವನು ಕೂತಿರುವ ಜಾಗವನ್ನೂ. ಲೂಫಿಯ ವಿರುದ್ಧವಾಗಿ ಕೂಡ.

ಕೊನೆಗೆ ಎಲ್ಲರೂ ಮಾತಾಡುವ ಥ್ರಿಲ್ಲರ್ ಬಾರ್ಕ್. ಅನಿಮೆಯಲ್ಲಿ (ಟಿವಿ ಕಾರ್ಟೂನ್ ರೂಪ) 377ನೇ ಸಂಚಿಕೆ, ಮಾಂಗಾದಲ್ಲಿ 485ನೇ ಅಧ್ಯಾಯ. ಎರಡರಲ್ಲಿ ನಾನು ಮಾಂಗಾದ ಪುಟಗಳನ್ನೇ ಆರಿಸುತ್ತೇನೆ, ಅಲ್ಲಿ ಹಿನ್ನೆಲೆ ಸಂಗೀತದ ಗಲಾಟೆ ಇಲ್ಲ. ಶತ್ರು ಮೋರಿಯಾ ಜೊತೆ ಹೋರಾಡಿ ಲೂಫಿ ಎಚ್ಚರ ತಪ್ಪಿ ಬಿದ್ದಿದ್ದಾನೆ. ಸರ್ಕಾರದ ಪರವಾಗಿ ಕುಮಾ ಅನ್ನೋನು ಬಂದು ಅವನ ತಲೆ ಕೇಳುತ್ತಾನೆ. ಝೋರೋ ‘ನನ್ನ ತಲೆ ತಗೋ’ ಅನ್ನುತ್ತಾನೆ. ಅಷ್ಟು ದೊಡ್ಡ ಆಸೆ ಇಟ್ಟುಕೊಂಡು ಪ್ರಾಣ ಕೊಡ್ತೀಯಾ ಅಂತ ಕುಮಾ ಕೇಳಿದರೆ ಅವನ ಉತ್ತರದ ಸಾರ ಇದು: ಕ್ಯಾಪ್ಟನ್‌ನನ್ನೇ ಉಳಿಸಿಕೊಳ್ಳಲಾಗದವನ ಆಸೆಗೆ ಏನು ಬೆಲೆ?

ಮೊದಲ ಸಂಪುಟದ ಷರತ್ತನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಅಲ್ಲಿ, ನನ್ನ ಆಸೆಗೆ ಅಡ್ಡ ಬಂದರೆ ನೀನು ಸಾಯಬೇಕು ಅಂದವನು ಇಲ್ಲಿ ಅದೇ ಆಸೆಯನ್ನು ಲೂಫಿಗಾಗಿ ಪಕ್ಕಕ್ಕೆ ಇಡುತ್ತಿದ್ದಾನೆ. ಯಾರೂ ಕೇಳಿಲ್ಲ, ಬಲವಂತ ಮಾಡಿಲ್ಲ. ಕೇಳಬೇಕಾದವನಿಗೆ ಪ್ರಜ್ಞೆಯೇ ಇಲ್ಲ. ನಡುವೆ ಬಂದ ಹಡಗಿನ ಅಡುಗೆಯವ ಸಾಂಜಿ ‘ನನ್ನನ್ನು ಕೊಂದುಹಾಕು’ ಅಂದಾಗ ಅವನನ್ನೂ ಕತ್ತಿಯ ಹಿಡಿಯಿಂದ ಗುದ್ದಿ ಮಲಗಿಸುತ್ತಾನೆ.

ಕುಮಾ ಲೂಫಿಯ ಮೈಯಿಂದ ನೋವು, ಆಯಾಸವನ್ನೆಲ್ಲ ಪಂಜದ ಆಕಾರದ ದೊಡ್ಡ ಗುಳ್ಳೆಯಾಗಿ ಹೊರಗೆ ತಳ್ಳುತ್ತಾನೆ. ಅದರಲ್ಲಿ ಒಂದು ಚೂರು ತಗುಲಿದ್ದಕ್ಕೇ ಝೋರೋ ನೆಲದಲ್ಲಿ ಹೊರಳಾಡುತ್ತಾನೆ. ಆಮೇಲೆ ಎದ್ದು, ಜಾಗ ಬದಲಾಯಿಸೋಣ ಅಂತ ಮಾತ್ರ ಕೇಳಿಕೊಳ್ಳುತ್ತಾನೆ. ಗುಳ್ಳೆಯೊಳಗೆ ಅವನು ಪಟ್ಟ ಪಾಡನ್ನು ಓಡಾ ಬಿಡಿಸಿ ತೋರಿಸದೆ ಮುಂದಕ್ಕೆ ಹೋಗುತ್ತಾರೆ. ಸಾಂಜಿ ಹುಡುಕಿಕೊಂಡು ಬಂದಾಗ ಝೋರೋ ಕೈಕಟ್ಟಿ ನಿಂತಿದ್ದಾನೆ, ಸುತ್ತೆಲ್ಲ ರಕ್ತ. ಏನಾಯಿತು ಅಂದರೆ, ‘ಏನೂ ಆಗಲಿಲ್ಲ’ ಅನ್ನುತ್ತಾನೆ.

ಅತ್ತ ಲೂಫಿ ಎದ್ದು, ಮೈಯೆಲ್ಲ ಹಗುರ ಆಗಿದೆಯಲ್ಲ ಅಂತ ಕುಣಿಯುತ್ತಿದ್ದಾನೆ. ನಡೆದದ್ದನ್ನು ನೋಡಿದ್ದ ಇಬ್ಬರು ಬಾಯಿಬಿಡಲು ಹೋದರೆ ಸಾಂಜಿ ತಡೆಯುತ್ತಾನೆ. ಬರಾಟಿಯೆಯಲ್ಲಿ ಲೂಫಿ ಕೈ ತಡೆದುಕೊಂಡ, ಇಲ್ಲಿ ಝೋರೋ ಬಾಯಿ ಮುಚ್ಚಿಕೊಂಡ. ಭಕ್ತಿಯಾಗಿದ್ದರೆ ದೇವರಿಗೆ ಗೊತ್ತಾಗಲಿ ಅಂತ ಒಂದು ಆಸೆ ಇರುತ್ತಿತ್ತು. ಋಣ ತೀರಿಸುವುದಾಗಿದ್ದರೆ ತೀರಿತು ಅಂತ ಒಂದು ಲೆಕ್ಕ ಇರುತ್ತಿತ್ತು. ಅವನು ಎರಡೂ ಉಳಿಸಲಿಲ್ಲ.

ಇದಾದ ಮೇಲೂ ಒಂದು ಮೆಟ್ಟಿಲು ಇದೆ, 597ನೇ ಅಧ್ಯಾಯ. ಚದುರಿಹೋದ ತಂಡಕ್ಕೆ ಲೂಫಿ ಎರಡು ವರ್ಷ ಬಿಟ್ಟು ಸೇರೋಣ ಅಂತ ಸುದ್ದಿ ಕಳಿಸಿದಾಗ ಝೋರೋ ಮಿಹಾಕ್ ಮುಂದೆ ಮಂಡಿಯೂರಿ, ನನಗೆ ಕತ್ತಿ ಕಲಿಸು ಅಂತ ಬೇಡುತ್ತಾನೆ. ಸೋಲಿಸಬೇಕಾದವನ ಮುಂದೆಯೇ ಹಣೆ ನೆಲಕ್ಕೆ! ಬೆನ್ನು ತೋರಿಸಲ್ಲ ಅಂತ ಎದೆ ಸೀಳಿಸಿಕೊಂಡವನು ಇವನೇನಾ ಅನ್ನಿಸುತ್ತೆ. ಮಿಹಾಕ್‌ಗೂ ಮೊದಲು ಅಸಹ್ಯ ಆಗಿ, ಆಮೇಲೆ ಅರ್ಥವಾಗುತ್ತದೆ: ಇವನು ಮಾನ ಬಿಟ್ಟರೆ ಅದು ಇನ್ನೊಬ್ಬರಿಗಾಗಿಯೇ.

ಹಾಗಾಗಿ ಭಕ್ತ, ಆಳು, ಗೆಳೆಯ ಈ ಮೂರರಲ್ಲಿ ಹತ್ತಿರದ್ದು ಗೆಳೆಯ. ಅದೂ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗುವ ಥರದ್ದಲ್ಲ. ಇಬ್ಬರೂ ಕೂತು ಮನಸ್ಸು ಬಿಚ್ಚಿ ಮಾತಾಡಿದ ದೃಶ್ಯ ಹುಡುಕಿದರೂ ಸಿಗೋದು ಕಷ್ಟ. ವಿಸ್ಕಿ ಪೀಕ್‌ನಲ್ಲಂತೂ ಊಟ ಹಾಕಿದ ಒಳ್ಳೆಯವರನ್ನು ಹೊಡೆದೆ ಅಂತ ತಪ್ಪು ತಿಳಿದು ಲೂಫಿ ಇವನ ಮೇಲೆ ಬಿದ್ದು, ಇಬ್ಬರೂ ಜೀವ ತೆಗೆಯೋ ಹಾಗೆ ಹೊಡೆದಾಡಿದ್ದರು. ತಂಡದ ನಾಮಿ ಬಂದು ಇಬ್ಬರಿಗೂ ಗುದ್ದಿ ಬಿಡಿಸಬೇಕಾಯಿತು.

ಥ್ರಿಲ್ಲರ್ ಬಾರ್ಕ್ ವಿಷಯ ಲೂಫಿಗೆ ಇನ್ನೂ ಗೊತ್ತಿಲ್ಲ. ಮುಂದೆ ಎಂದಾದರೂ ಗೊತ್ತಾಗಲಿ, ಅವನು ಅಳುವುದನ್ನು ನೋಡಬೇಕು ಅಂತ ಬರೆಯುವ ಅಭಿಮಾನಿಗಳು ಬೇಕಾದಷ್ಟಿದ್ದಾರೆ. ನನ್ನ ಮಟ್ಟಿಗೆ ಓಡಾ ಹಾಗೆ ಮಾಡದಿದ್ದರೇ ಒಳ್ಳೆಯದು. ಝೋರೋ ಏನೂ ಆಗಲಿಲ್ಲ ಅಂತ ಹೇಳಿಯಾಗಿದೆ.