ಬಾಂಬರ್ ವಿಮಾನದ ಯೋಧನ ಆಯುಸ್ಸು ಎರಡೇ ವಾರವೇ?

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಬಾಂಬರ್ ಸಿಬ್ಬಂದಿ ಎರಡು ವಾರವಷ್ಟೇ ಬದುಕುತ್ತಿದ್ದರು ಎಂಬುದು ನಿಜವೇ ಎಂದು ಕೇಳಿದ್ದೀರಿ. ದಿನಗಳಲ್ಲಿ ಎಣಿಸಿದರೆ ದಾರಿ ತಪ್ಪುತ್ತೇವೆ. ಹವಾಮಾನ ಕೆಟ್ಟರೆ ವಾರಗಟ್ಟಲೆ ಹಾರಾಟವೇ ಇರುತ್ತಿರಲಿಲ್ಲ. ಎಣಿಸಬೇಕಾದ್ದು ದಾಳಿಗಳನ್ನು.

ಮೊದಲ ಸುತ್ತಿನ ಸೇವೆ ಎಂದರೆ ಸಾಮಾನ್ಯವಾಗಿ 30 ದಾಳಿ. ಪ್ರತಿ ದಾಳಿಗೆ ನೂರರಲ್ಲಿ 4 ವಿಮಾನ ಮರಳಲಿಲ್ಲ ಎಂದಿಟ್ಟುಕೊಳ್ಳಿ. ಕೇಳಲು ಸಣ್ಣದು, ಆದರೆ 0.96ನ್ನು 30 ಸಲ ಗುಣಿಸಿದರೆ ಉಳಿಯುವುದು 0.29. ಹದಿನೇಳನೆಯ ದಾಳಿಯ ಹೊತ್ತಿಗೇ ಅರ್ಧದಷ್ಟು ಮಂದಿ ಇಲ್ಲ! ಒಟ್ಟು ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು.

ವಿಮಾನಕ್ಕೆ ಏಟು ಬಿದ್ದ ಮೇಲೆ ಜೀವ ಉಳಿಯುವುದು ಅದರ ರಚನೆಯ ಮೇಲೆ ನಿಂತಿತ್ತು. ಲ್ಯಾಂಕಾಸ್ಟರ್ ಎಂಬ ಬ್ರಿಟಿಷ್ ಬಾಂಬರ್‌ನ ಮೂತಿಯ ಕೆಳಗೆ ಹೊರಗೆ ಹಾರಲು ಇದ್ದ ಕಿಂಡಿ ಬರೀ 22 ಇಂಚು ಅಗಲ; ದಪ್ಪ ಉಡುಪು, ಎದೆಗೆ ಪ್ಯಾರಾಶೂಟ್ ಇದ್ದವನು ಅದರಲ್ಲಿ ನುಸುಳಬೇಕು. ಹಿಂಬದಿಯ ಗನ್ನರ್ ಪಾಡು ಇನ್ನೂ ಘೋರ. ಅವನು ಕೂರುವ ಗೋಪುರ, ಅಂದರೆ ಬಂದೂಕುಗಳಿರುವ ತಿರುಗುವ ಗೂಡು, ಇಕ್ಕಟ್ಟಾದ್ದರಿಂದ ಪ್ಯಾರಾಶೂಟನ್ನು ಅದರ ಹೊರಗೆ, ವಿಮಾನದ ಒಡಲಲ್ಲಿ ಇಡುತ್ತಿದ್ದರು. ಗೋಪುರವನ್ನು ನೇರಕ್ಕೆ ತಿರುಗಿಸಿ, ಬಾಗಿಲು ತೆರೆದು, ಕೈಚಾಚಿ ತೆಗೆದು, ಎದೆಗೆ ಸಿಕ್ಕಿಸಿಕೊಳ್ಳಬೇಕು. ಹೈಡ್ರಾಲಿಕ್ ಒತ್ತಡ ಹೋದರೆ ಗೋಪುರವನ್ನು ಕೈಯಿಂದಲೇ ತಿರುಗಿಸಬೇಕು, ಅದೂ ವಿಮಾನ ಉರಿಯುತ್ತಿರುವಾಗ.